ಮೆಡಿಟರೇನಿಯನ್ ಶೈಲಿಯ ಕೈತೋಟದಲ್ಲಿ ಕಲ್ಲಿನ ಅಲಂಕಾರ ಎಷ್ಟಿರಬೇಕು, ಎಲ್ಲಿರಬೇಕು?

ಅಂಗಳಪ್ರಿಯ (ಪ್ರಶ್ನೆ)

ನಮ್ಮ ಮನೆಯ ಹಿಂಭಾಗದಲ್ಲಿ ಸುಮಾರು 20 ಅಡಿ ಉದ್ದ, 15 ಅಡಿ ಅಗಲದ ಜಾಗವಿದ್ದು, ಅದರ ಎರಡು ಬದಿಗಳಲ್ಲಿ ಬಿಳಿ ಸುಣ್ಣ ಬಳಿದ ಎತ್ತರದ ಗೋಡೆಗಳಿವೆ. ಮಧ್ಯಾಹ್ನದ ನಂತರ ಕಡುಬಿಸಿಲು ಬೀಳುವ ಈ ಜಾಗದಲ್ಲಿ ಹುಲ್ಲುಹಾಸು ಎರಡು ಸಲ ಒಣಗಿಹೋದ ಮೇಲೆ, ಮೆಡಿಟರೇನಿಯನ್ ಶೈಲಿಯ ತೋಟವನ್ನೇ ಮಾಡೋಣವೆಂದು ನಿರ್ಧರಿಸಿದೆ. ಆದರೆ ಕೆಲಸವನ್ನು ತಲೆಕೆಳಗಾಗಿ ಆರಂಭಿಸಿದೆನೇನೋ ಎಂಬ ಅನುಮಾನ ಈಗ ಕಾಡುತ್ತಿದೆ. ಒಂದು ಗಿಡವನ್ನೂ ನೆಡುವ ಮೊದಲೇ ಎರಡು ದೊಡ್ಡ ಹೂದಾನಿ, ಒಂದು ಕುಳಿತ ಸಿಂಹ, ಎರಡು ಅಂತಸ್ತಿನ ಕಾರಂಜಿ, ಒಂದು ಕಲ್ಲುಬೆಂಚು ಮತ್ತು ಮುರಿದಂತೆ ಕಾಣುವ ಎರಡು ಕಂಬಗಳನ್ನು ಕೊಂಡು ತಂದಿದ್ದೇನೆ. ಎಲ್ಲವನ್ನೂ ಇಟ್ಟು ನೋಡಿದರೆ ತೋಟದಂತೆ ಕಾಣುವ ಬದಲು ಕಲ್ಲಿನ ಸಾಮಾನು ಮಾರುವ ಅಂಗಡಿಯ ಮುಂಗಟ್ಟಿನಂತೆ ಕಾಣುತ್ತದೆ. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ? ಜೊತೆಗೆ, ಮಳೆ ಬೇಸಿಗೆಯ ತಿಂಗಳುಗಳಲ್ಲೇ ಸುರಿಯುವ ಕಡೆ ಲ್ಯಾವೆಂಡರ್, ರೋಸ್ಮರಿಗಳಂಥ ಗಿಡಗಳು ಬದುಕುವಂತೆ ಮಾಡಲು ಸಾಧ್ಯವೇ?

ನೆರಳುಹಂದರ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರದೇಶದ ಹಳೆಯ ತೋಟಗಳಲ್ಲಿ ಕಲ್ಲು ಏನು ಮಾಡುತ್ತಿತ್ತು ಎಂಬುದನ್ನು ನೋಡುವುದು ಒಳ್ಳೆಯದು. ಸ್ಪೇನಿನ ಗ್ರಾನಡಾದಲ್ಲಿರುವ ಅಲ್ಹಾಂಬ್ರಾ ಅರಮನೆಯ ಸಿಂಹಗಳ ಅಂಗಳದಲ್ಲಿ 12 ಅಮೃತಶಿಲೆಯ ಸಿಂಹಗಳಿವೆ. ಅವು ಸುಮ್ಮನೆ ಕುಳಿತಿಲ್ಲ, ನೀರಿನ ಬೋಗುಣಿಯನ್ನು ಬೆನ್ನ ಮೇಲೆ ಹೊತ್ತು ಬಾಯಿಂದ ನೀರು ಹರಿಸುತ್ತವೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪೊಂಪೇಯಿ ನಗರದಲ್ಲಿ, ವೆಟ್ಟಿ ಮನೆತನದವರದೆಂದು ಗುರುತಿಸಿರುವ ಮನೆಯ ಕಂಬಸಾಲಿನ ಅಂಗಳದಲ್ಲಿ ಸಿಕ್ಕ ಪ್ರತಿಮೆಗಳಲ್ಲಿ ಹಲವು ಅಮೃತಶಿಲೆಯ ತೊಟ್ಟಿಗಳಿಗೆ ನೀರು ಚಿಮ್ಮಿಸುವ ಕಾರಂಜಿಗಳೂ ಆಗಿದ್ದವು. ಇಂದು ನಾವು ಶೋಭೆಗೆಂದು ಇಡುವ ಆಳೆತ್ತರದ ಮಣ್ಣಿನ ಗುಡಾಣಗಳಂಥವುಗಳಲ್ಲಿ ಕ್ರೀಟ್ ದ್ವೀಪದ ಜನ ಎಣ್ಣೆ, ದ್ರಾಕ್ಷಾರಸ, ಧಾನ್ಯಗಳನ್ನು ಕೂಡಿಡುತ್ತಿದ್ದರು. ಕಲ್ಲುಬೆಂಚು ನೆರಳಿರುವ ಕಡೆ ಇರುತ್ತಿತ್ತು, ಸೂರ್ಯಗಡಿಯಾರ ಬಿಸಿಲಿರುವ ಕಡೆ ಇರುತ್ತಿತ್ತು.

ಆದ್ದರಿಂದ ನಿಮ್ಮ ಪ್ರತಿಯೊಂದು ಕಲ್ಲನ್ನೂ "ನಿನ್ನ ಕೆಲಸವೇನು?" ಎಂದು ಕೇಳಿ ನೋಡಿ. ಕಾರಂಜಿಗೆ ಕೆಲಸವಿದೆ, ಬೆಂಚಿಗೂ ಇದೆ. ಹೂದಾನಿಗಳನ್ನು ಹಾದಿಯ ಎರಡು ಬದಿಗೆ ದ್ವಾರಪಾಲಕರಂತೆ ನಿಲ್ಲಿಸುವ ಬದಲು ಒಂದನ್ನು ಮಾತ್ರ ಹಾದಿಯ ಕೊನೆಯಲ್ಲಿ, ನೀವು ಹೆಚ್ಚಾಗಿ ಕೂರುವ ಕಿಟಕಿಯಿಂದ ನೇರವಾಗಿ ಕಾಣುವಂತೆ ಇಟ್ಟರೆ ಇಷ್ಟು ಚಿಕ್ಕ ಜಾಗಕ್ಕೂ ಒಂದು ಆಳ ಬರುತ್ತದೆ. ಇನ್ನೊಂದು ಬೆಂಚಿನ ಪಕ್ಕ ಗಿಡ ಹೊತ್ತು ನಿಲ್ಲಲಿ. ಒಂದು ಕಂಬವನ್ನು ಹಕ್ಕಿಗಳ ನೀರಿನ ಬಟ್ಟಲಿಗೆ ಪೀಠವಾಗಿಸಬಹುದು. ಎರಡನೆಯ ಕಂಬಕ್ಕೆ ನನಗಂತೂ ಯಾವ ಕೆಲಸವೂ ಹೊಳೆಯುತ್ತಿಲ್ಲ. ಹಿಂದಿರುಗಿಸಲು ಅವಕಾಶವಿದ್ದರೆ ಹಿಂದಿರುಗಿಸುವುದೇ ಲೇಸು.

ಜಲ್ಲಿಹಾದಿ

ಗಿಡಗಳ ಬಗ್ಗೆ ನಾನು ಹೇಳುತ್ತೇನೆ. ಮೆಡಿಟರೇನಿಯನ್ ಹವಾಮಾನವೆಂದರೆ ಬರಿಯ ಬಿಸಿಲಲ್ಲ. ಬೇಸಿಗೆ ಒಣಗಿರುತ್ತದೆ, ಮಳೆ ಚಳಿಗಾಲದಲ್ಲಿ ಬರುತ್ತದೆ. ಅಲ್ಲಿನ ಗಿಡಗಳು ಸೆಕೆಯನ್ನೂ ಒಣನೆಲವನ್ನೂ ಒಟ್ಟಿಗೆ ಸಹಿಸಬಲ್ಲವು, ಆದರೆ ಸೆಕೆಯ ಜೊತೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯುತ್ತವೆ. ಲ್ಯಾವೆಂಡರ್ ಸತ್ತಿತೆಂದು ದೂರುವವರಲ್ಲಿ ಹೆಚ್ಚಿನವರು ನೀರು ಹಾಕದೆ ಕೊಂದವರಲ್ಲ, ನೀರು ಹಾಕಿ ಕೊಂದವರು.

ಹಾಗಾಗಿ ನೆಲದ ಕೆಲಸವೇ ಮೊದಲಾಗಬೇಕು. ಗಟ್ಟಿಯಾದ ನೆಲವನ್ನು ಆಳವಾಗಿ ಸಡಿಲಿಸಿ, ಜೇಡಿಮಣ್ಣಾಗಿದ್ದರೆ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ, ನೆಡುವ ಪಾತಿಯನ್ನು ಸುತ್ತಲಿನ ಮಟ್ಟಕ್ಕಿಂತ ಒಂದು ಅಡಿಯಷ್ಟು ಎತ್ತರಿಸಿ. ಗೊಬ್ಬರದಲ್ಲಿ ಕೈಬಿಗಿ ಹಿಡಿಯಿರಿ. ಮೇಲ್ಗಡೆ 5 ಸೆಂಟಿಮೀಟರ್ ದಪ್ಪ ಜಲ್ಲಿ ಹರಡಿದರೆ ಕಾಂಡದ ಬುಡ ಒಣಗಿರುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ನಿಮ್ಮ ಇಡೀ ಜಾಗಕ್ಕೆ ಹರಡಿದರೂ ಸುಮಾರು 1.4 ಘನ ಮೀಟರ್ ಜಲ್ಲಿ ಸಾಕು. ಹಾದಿಗೆ ಮೂಲೆಗಳಿರುವ ಒಡೆದ ಜಲ್ಲಿಯೇ ಆಗಬೇಕು, ಏಕೆಂದರೆ ಅದು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಗುಂಡನೆಯ ನದಿಕಲ್ಲು ಕಾಲಡಿಯಲ್ಲಿ ಉರುಳುತ್ತದೆ. ಎರಡು ಬಿಳಿಗೋಡೆಗಳ ನಡುವೆ ಬಿಳಿ ಜಲ್ಲಿ ಮಾತ್ರ ಬೇಡ, ಮಧ್ಯಾಹ್ನ ಕಣ್ಣು ಬಿಡಲಾಗುವುದಿಲ್ಲ. ಮಣ್ಣಿನ ಬಣ್ಣದ್ದು ಅಥವಾ ತಿಳಿ ಹಳದಿಯದು ಹಿತವಾಗಿರುತ್ತದೆ.

ಹವಾಮಾನ ಬೇರೆಯಾದರೂ ಈ ಬಗೆಯ ತೋಟ ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ, ತೋಟಗಾರ್ತಿ ಬೆತ್ ಚಾಟೊ ಅವರ ಜಲ್ಲಿತೋಟ ಒಳ್ಳೆಯ ಉದಾಹರಣೆ. 1990ರ ದಶಕದ ಆರಂಭದಲ್ಲಿ ಅವರು ಕಾರು ನಿಲ್ಲಿಸುತ್ತಿದ್ದ ಜಾಗವನ್ನು ಸಡಿಲಿಸಿ ಗಿಡ ನೆಟ್ಟರು. ಬೇರೂರಿದ ಮೇಲೆ ಅವುಗಳಿಗೆ ನೀರು ಹಾಕುವ ಪರಿಪಾಠವನ್ನೇ ಇಟ್ಟುಕೊಳ್ಳಲಿಲ್ಲ.

ತೇವದ ಸೆಕೆಯಿದ್ದರೆ ಇಂಗ್ಲಿಷ್ ಲ್ಯಾವೆಂಡರ್‌ಗಿಂತ ಹಲ್ಲಿನಂಥ ಅಂಚಿನ ಎಲೆಯ ಲ್ಯಾವೆಂಡರ್ ತಾಳಿಕೊಳ್ಳುವ ಸಂಭವ ಹೆಚ್ಚು. ಅದನ್ನೂ ಕುಂಡದಲ್ಲಿಟ್ಟರೆ ಮಳೆ ಜೋರಾದಾಗ ಸೂರಿನಡಿಗೆ ಸರಿಸಬಹುದು. ಅಂಜೂರ, ದಾಳಿಂಬೆ, ಕಣಗಿಲೆ ಇವೆಲ್ಲ ಆ ತೋಟಗಳಿಗೂ ಸಲ್ಲುತ್ತವೆ, ಮಳೆಯನ್ನೂ ತಕ್ಕಮಟ್ಟಿಗೆ ಸಹಿಸುತ್ತವೆ. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಅದನ್ನು ಬಿಡಿ. ಆಲಿವ್ ಮರ ಎಲೆಯ ಚೆಲುವಿಗಾದರೂ ಇರಲಿ, ಆದರೆ ಸಾಕಷ್ಟು ಚಳಿ ಸಿಗದಿದ್ದರೆ ಅದು ಹೂ ಕಚ್ಚುವುದಿಲ್ಲ. "ಅಪ್ಪಟ" ಶೈಲಿಯ ಚಿಂತೆಯೂ ಬೇಡ: ಮೆಡಿಟರೇನಿಯನ್ ಊರುಗಳ ಗೋಡೆಗಳ ಗುರುತೇ ಆಗಿಹೋಗಿರುವ ಬೂಗನ್‌ವಿಲ್ಲಾ ದಕ್ಷಿಣ ಅಮೆರಿಕದಿಂದ ಬಂದದ್ದು.

ಉಳಿಸುತ್ತಿಗೆ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಜಾಗ ಆರಿಸುವ ಮೊದಲು ನಿಮ್ಮಲ್ಲಿರುವುದು ಕಲ್ಲೋ ಸಿಮೆಂಟಿನ ಎರಕವೋ ಎಂದು ತಿಳಿದುಕೊಳ್ಳಬೇಕು. ವಸ್ತುವನ್ನು ಓರೆ ಮಾಡಿ ತಳವನ್ನು ನೋಡಿ: ಅಚ್ಚಿನ ಎರಡು ಭಾಗ ಸೇರಿದ ಗೆರೆ, ಗಾಳಿಗುಳ್ಳೆಗಳಿಂದಾದ ಸೂಜಿಮೊನೆಯಂಥ ತೂತುಗಳು ಕಂಡರೆ ಅದು ಎರಕ. ಎರಕವೆಂದರೆ ಕೀಳೆಂದಲ್ಲ. ಹೊಸ ಎರಕದಿಂದ ಸುಣ್ಣ ಹೊರಬಂದು ಮೈಮೇಲೆ ಬಿಳಿ ಕಲೆಗಳಾಗುತ್ತವೆ, ಕಾರಂಜಿಯ ನೀರು ಕ್ಷಾರವಾಗುತ್ತದೆ. ಹಲವು ಸಲ ನೀರು ತುಂಬಿ ಚೆಲ್ಲುವ ತನಕ ಅದರಲ್ಲಿ ಮೀನು ಬಿಡಬಾರದು. ಅಮೃತಶಿಲೆ ಮತ್ತು ಸುಣ್ಣಕಲ್ಲುಗಳನ್ನು ವಿನೆಗರ್, ನಿಂಬೆರಸ ಅಥವಾ ಆಮ್ಲವಿರುವ ಯಾವ ದ್ರವದಿಂದಲೂ ತೊಳೆಯಬೇಡಿ, ಮೇಲ್ಮೈ ಕರಗಿಹೋಗುತ್ತದೆ. ಮೃದುವಾದ ಬ್ರಷ್ಷು ಮತ್ತು ನೀರೇ ಸಾಕು. ಪಾಚಿ ಕಟ್ಟಿದರೆ, ನಡೆಯುವ ಜಾಗವಲ್ಲದಿದ್ದರೆ, ಬಿಟ್ಟುಬಿಡಿ ಎನ್ನುತ್ತೇನೆ.

ತೂಕವನ್ನು ಕಡೆಗಣಿಸಬೇಡಿ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,700 ಕಿಲೋ ತೂಗುತ್ತದೆ, ಅಂದರೆ 1.2 ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಬೆಂಚಿನ ಹಾಸೊಂದೇ 130 ಕಿಲೋ. ಭಾರದ ವಸ್ತುವಿನಡಿ ನಾಲ್ಕರಿಂದ ಆರು ಅಂಗುಲದಷ್ಟು ಜಲ್ಲಿ ಹಾಕಿ ಚೆನ್ನಾಗಿ ದಮ್ಮಸು ಮಾಡದಿದ್ದರೆ ಒಂದೇ ಮಳೆಗಾಲದಲ್ಲಿ ಅದು ವಾಲುತ್ತದೆ. ಕಂಬದ ಮೇಲೆ ಬಟ್ಟಲಿಡುವುದಾದರೆ ನಡುವೆ ತುಕ್ಕುಹಿಡಿಯದ ಉಕ್ಕಿನ ಕಡ್ಡಿ ಕೂರಿಸಿ ಬಂಧಿಸಿ.

ಕಾರಂಜಿಯ ವಿಷಯದಲ್ಲಿ, ನೀರು ಚಿಮ್ಮುವ ಎತ್ತರದ ಎರಡರಷ್ಟಾದರೂ ತೊಟ್ಟಿಯ ಅಗಲವಿರಬೇಕು. ಇಲ್ಲವಾದರೆ ಗಾಳಿಗೆ ನೀರೆಲ್ಲ ಹೊರಗೆ ಹಾರಿ, ಒಣಗಿರಬೇಕಾದ ಪಾತಿಗಳೇ ನೆನೆಯುತ್ತವೆ. ಹಕ್ಕಿಗಳ ಬಟ್ಟಲಿನ ನೀರನ್ನು ವಾರಕ್ಕೆ ಎರಡು ಸಲ ಚೆಲ್ಲಿದರೆ ಸೊಳ್ಳೆಯ ಮರಿಗಳಿಗೆ ಬೆಳೆಯಲು ಸಮಯ ಸಿಗುವುದಿಲ್ಲ.

ಸಿಂಹ ಅಸಲಿ ಕಲ್ಲಿನದಾಗಿದ್ದರೆ ಕಲ್ಲುಕೆಲಸದವರಿಂದ ಬಾಯಿಗೆ ತೂತು ಕೊರೆಸಿ ನೀರಿನ ಕೊಳವೆ ಹಾಯಿಸಬಹುದು. ಎರಕವಾಗಿದ್ದರೆ ಕೊರೆಯುವ ಸಾಹಸ ಬೇಡ, ಬಿರುಕು ಬಿಡುವ ಅಪಾಯವಿದೆ.

ಅಂಗಳಪ್ರಿಯ

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಇಬ್ಬರು ಸೇರಿ ಸಿಂಹವನ್ನು ಓರೆ ಮಾಡಿ ನೋಡಿದೆವು. ಹೊಟ್ಟೆಯ ಅಡಿಯಲ್ಲಿ ಅಚ್ಚಿನ ಗೆರೆ ಸ್ಪಷ್ಟವಾಗಿದೆ, ತೂತುಗಳೂ ಇವೆ, ಹಾಗಾಗಿ ಅದು ನೀರು ಉಗುಳುವ ಯೋಗ ಪಡೆದು ಬಂದಿಲ್ಲ. ಒಂದು ಕಂಬವನ್ನು ಅಂಗಡಿಯವರು ಹಿಂದಕ್ಕೆ ಪಡೆಯಲು ಒಪ್ಪಿದ್ದಾರೆ. ಕಾರಂಜಿಯ ತೊಟ್ಟಿಯ ಅಗಲ ಎರಡೂವರೆ ಅಡಿ ಮಾತ್ರವಿರುವುದರಿಂದ ನೀರನ್ನು ಒಂದು ಅಡಿಗಿಂತ ಮೇಲೆ ಚಿಮ್ಮಿಸದೆ ಹರಿಯಬಿಡುತ್ತೇನೆ. ಮುಂದಿನ ವಾರದಿಂದ ನೆಲ ಸಡಿಲಿಸುವ ಕೆಲಸ ಆರಂಭವಾಗುತ್ತದೆ. ಅಲ್ಲಿಯವರೆಗೆ ಸಿಂಹವನ್ನು ಹಿತ್ತಲ ಬಾಗಿಲಿನ ಬಳಿ ಇಟ್ಟಿದ್ದೇನೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲು ಈಗ ಅಲುಗಾಡದೆ ನಿಂತಿದೆ.