ಫ್ರಾನ್ಸ್ ಪ್ರವಾಸ: ಮೊದಲು ಊರು ಆರಿಸಬೇಕೆ, ತಿಂಗಳು ಆರಿಸಬೇಕೆ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಬರುವ ವರ್ಷ ಮನೆಮಂದಿಯೆಲ್ಲ ಸೇರಿ 13 ದಿನಗಳ ಮಟ್ಟಿಗೆ ಫ್ರಾನ್ಸ್ ನೋಡಿಬರಬೇಕೆಂದು ನಿಶ್ಚಯಿಸಿದ್ದೇವೆ. 71 ವರ್ಷದ ತಂದೆಯವರು, ಮೊಣಕಾಲು ನೋವಿರುವ ತಾಯಿಯವರು, ನಾವು ದಂಪತಿಗಳು ಹಾಗೂ ಏಳನೆಯ ತರಗತಿಯ ಮಗಳು, ಹೀಗೆ ಒಟ್ಟು ಐದು ಜನ. ನಿವೃತ್ತ ಇತಿಹಾಸ ಅಧ್ಯಾಪಕರಾದ ತಂದೆಯವರಿಗೆ ನಾರ್ಮಂಡಿಯ ಯುದ್ಧಭೂಮಿಯನ್ನು ಕಾಣಬೇಕೆಂಬ ಹಂಬಲ ಬಹುಕಾಲದ್ದು. ತಾಯಿಯವರಿಗೆ ಪ್ರೊವಾನ್ಸ್‌ನ ಲ್ಯಾವೆಂಡರ್ ಹೊಲಗಳನ್ನು ನೋಡುವ ಆಸೆ. ಮಗಳಿಗೆ ಹಿಮವನ್ನು ಕೈಯಲ್ಲಿ ಹಿಡಿಯಬೇಕು. ಶಾಲೆಯ ಕಾರಣದಿಂದ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ ಅಥವಾ ದಸರಾ ರಜೆ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಪ್ರವಾಸ ಸಂಸ್ಥೆಯೊಂದು ಮೇ ತಿಂಗಳಿಗೆಂದು ಕಳುಹಿಸಿದ ಯೋಜನೆಯಲ್ಲಿ ಪ್ಯಾರಿಸ್, ಸ್ಟ್ರಾಸ್‌ಬರ್ಗ್, ಶಾಮೊನಿ, ನೀಸ್, ಪ್ರೊವಾನ್ಸ್, ಬೋರ್ಡೊ ಮತ್ತು ಮೋಂ ಸ್ಯಾಂ ಮಿಷೆಲ್, ಈ ಏಳೂ ಸ್ಥಳಗಳಿದ್ದು, ಮುಖಪುಟದಲ್ಲಿ ನೇರಳೆ ಹೊಲದ ಚಿತ್ರವೂ ಇದೆ. ಇಷ್ಟನ್ನು ಒಂದೇ ಪ್ರಯಾಣದಲ್ಲಿ ನೆಮ್ಮದಿಯಿಂದ ನೋಡಲು ಸಾಧ್ಯವೇ? ಇಲ್ಲವಾದರೆ ಯಾವುದನ್ನು ಬಿಡಬೇಕು? ಅಲ್ಲಿ ನೆಲೆಸಿರುವವರು, ಹೋಗಿಬಂದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ತುಲೂಸ್‌ನಿಂದ)

ಮಾನ್ಯರೇ, ಒಂಬತ್ತು ವರ್ಷಗಳಿಂದ ಈ ದೇಶದಲ್ಲಿ ವಾಸವಾಗಿರುವ ಅನುಭವದಿಂದ ಹೇಳುವುದಾದರೆ, ಮೊದಲು ತಿಂಗಳನ್ನು ಗೊತ್ತುಮಾಡಿಕೊಂಡು, ಆ ತಿಂಗಳಿಗೆ ಯಾವ ಪ್ರದೇಶ ಒಪ್ಪುತ್ತದೆಂದು ಆಮೇಲೆ ನೋಡುವುದೇ ಸರಿಯಾದ ಕ್ರಮ. ಇಡೀ ಫ್ರಾನ್ಸ್‌ಗೆ ಅನ್ವಯಿಸುವ ಒಂದೇ ಹವಾಮಾನ ಎಂಬುದಿಲ್ಲ. ಪಶ್ಚಿಮದ ನಾರ್ಮಂಡಿ ಮತ್ತು ಬ್ರಿಟನಿಗೆ ಅಟ್ಲಾಂಟಿಕ್‌ನ ತೇವಗಾಳಿ ವರ್ಷವಿಡೀ ಮಳೆ ತರುತ್ತದೆ. ದಕ್ಷಿಣದ ಮೆಡಿಟರೇನಿಯನ್ ತೀರ ಬೇಸಿಗೆಯಲ್ಲಿ ಒಣಗಿ ಕಾಯುತ್ತದೆ. ಪೂರ್ವದ ಅಲ್ಸಾಸ್‌ನಲ್ಲಿ ಚಳಿ ಕಡುವಾಗಿದ್ದರೂ, ವೋಜ್ ಬೆಟ್ಟಸಾಲು ಮಳೆಮೋಡಗಳನ್ನು ತಡೆಯುವುದರಿಂದ, ನಮ್ಮ ಸಹ್ಯಾದ್ರಿಯ ಮರೆಯ ಬಯಲುಸೀಮೆಯಂತೆ, ಅಲ್ಲಿನ ಕೊಲ್ಮಾರ್ ದೇಶದಲ್ಲೇ ಕಡಿಮೆ ಮಳೆ ಬೀಳುವ ಪಟ್ಟಣಗಳಲ್ಲಿ ಒಂದಾಗಿದೆ.

ಆ ಮುಖಪುಟದ ಚಿತ್ರವನ್ನು ದಯವಿಟ್ಟು ನಂಬಬೇಡಿ. ಮೇ ತಿಂಗಳಲ್ಲಿ ಲ್ಯಾವೆಂಡರ್ ಗಿಡಗಳು ಬೂದುಹಸಿರು ಪೊದೆಗಳಾಗಿರುತ್ತವೆ. ವಾಲೆನ್ಸೋಲ್ ಪ್ರಸ್ಥಭೂಮಿಯಲ್ಲಿ ಅವು ಅರಳುವುದು ಜೂನ್ ಉತ್ತರಾರ್ಧದಲ್ಲಿ, ಮತ್ತು ಜುಲೈ ಮಧ್ಯದ ಹೊತ್ತಿಗೆ ಎಣ್ಣೆ ತೆಗೆಯಲು ಕೊಯ್ಲು ಆರಂಭವಾಗಿಬಿಡುತ್ತದೆ. ಇನ್ನಷ್ಟು ಎತ್ತರದಲ್ಲಿರುವ ಸೋ ಪಟ್ಟಣದ ಸುತ್ತ ಹೂವು ಕೆಲವು ವಾರ ಹೆಚ್ಚು ಉಳಿಯುತ್ತದೆಯಾದರೂ, ದಸರಾ ವೇಳೆಗೆ ಅಲ್ಲಿಯೂ ಏನೂ ಇರುವುದಿಲ್ಲ. ಅಂದರೆ ನಿಮ್ಮ ಎರಡು ರಜೆಗಳಲ್ಲಿ ಯಾವುದನ್ನು ಆರಿಸಿದರೂ ತಾಯಿಯವರ ಆಸೆ ಈ ಬಾರಿ ಈಡೇರುವುದಿಲ್ಲ ಎಂದು ಮೊದಲೇ ಅವರಿಗೆ ತಿಳಿಸುವುದು ಒಳ್ಳೆಯದು.

ಉಳಿದ ಇಬ್ಬರ ಆಸೆಗೆ ಮೇ ತಿಂಗಳು ಬಹಳ ಚೆನ್ನಾಗಿ ಹೊಂದುತ್ತದೆ. ಹಿಮಕ್ಕಾಗಿ ಚಳಿಗಾಲವನ್ನೇ ಕಾಯಬೇಕಾಗಿಲ್ಲ: ಆಲ್ಪ್ಸ್ ಪರ್ವತಗಳ ನಡುವಿನ ಶಾಮೊನಿಯಿಂದ ಕೇಬಲ್ ಕಾರಿನಲ್ಲಿ 3,842 ಮೀಟರ್ ಎತ್ತರದ ಎಗಿ ದು ಮಿದಿ ಶಿಖರಕ್ಕೆ ಹೋದರೆ, ಬೇಸಿಗೆಯಲ್ಲೂ ಮೋಂ ಬ್ಲಾಂಕ್‌ನ ಹಿಮ ಎದುರಿಗೇ ಇರುತ್ತದೆ. ಆದರೆ ಸುಮಾರು 1,035 ಮೀಟರ್ ಎತ್ತರದ ಪಟ್ಟಣದಿಂದ ಇಪ್ಪತ್ತು ನಿಮಿಷದಲ್ಲಿ ಅಷ್ಟು ಮೇಲಕ್ಕೇರುವುದರಿಂದ ಹಿರಿಯರಿಗೆ ಉಸಿರಾಟದ ತೊಂದರೆ ಆಗಬಹುದು. ತಂದೆಯವರ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ, ಇಲ್ಲವೇ ಅಜ್ಜ ಅಜ್ಜಿ ಕೆಳಗೆ ಕುಳಿತು ಬೆಟ್ಟ ನೋಡಲಿ, ಅದೇನೂ ಕಡಿಮೆ ನೋಟವಲ್ಲ. ಮೇ ತಿಂಗಳಲ್ಲಿ ಸ್ಕೀ ಋತು ಮುಗಿದು ಬೇಸಿಗೆಯ ಋತು ಇನ್ನೂ ಆರಂಭವಾಗಿರದ ಕಾರಣ ಶಾಮೊನಿಯ ಕೆಲವು ಹೋಟೆಲುಗಳು ಮುಚ್ಚಿರುತ್ತವೆ. ಆದ್ದರಿಂದ ಸರೋವರದ ದಡದಲ್ಲಿರುವ ಆನ್ಸಿ ಪಟ್ಟಣದಲ್ಲಿ ತಂಗಿ, ಆಕಾಶ ತಿಳಿಯಾಗಿರುವ ದಿನ ಹೋಗಿಬರುವುದು ಜಾಣತನ. ಪ್ಯಾರಿಸ್‌ನಿಂದ ಆನ್ಸಿಗೆ ನೇರ ಟಿಜಿವಿ (ಅತಿವೇಗದ) ರೈಲಿನಲ್ಲಿ ನಾಲ್ಕು ಗಂಟೆಯೊಳಗಿನ ಪ್ರಯಾಣ.

ಮೇ ತಿಂಗಳ ಒಂದೇ ತೊಡಕೆಂದರೆ ಅದರ ರಜೆಗಳು. 1 ಮತ್ತು 8ನೆಯ ತಾರೀಖು ಸಾರ್ವಜನಿಕ ರಜೆ. ಅದಲ್ಲದೆ ಈಸ್ಟರ್ ಲೆಕ್ಕದಲ್ಲಿ ಬರುವ ಅಸೆನ್ಸಿಯೋಂ ಹಬ್ಬ ಯಾವಾಗಲೂ ಗುರುವಾರವೇ ಬೀಳುವುದರಿಂದ, ಇಲ್ಲಿಯವರು ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನದ ಬಿಡುವು ಮಾಡಿಕೊಳ್ಳುತ್ತಾರೆ. ಅದಕ್ಕೆ ಅವರು 'ಸೇತುವೆ ಕಟ್ಟುವುದು' ಎನ್ನುತ್ತಾರೆ. ಆ ದಿನಗಳಲ್ಲಿ ರೈಲುಗಳು ತುಂಬಿಹೋಗುತ್ತವೆ. ಟಿಕೆಟ್ ದರ ದಿನ ಕಳೆದಂತೆ ಏರುವುದರಿಂದ ಮಾರಾಟ ಆರಂಭವಾದ ಕೂಡಲೇ ಕೊಂಡುಬಿಡಿ.

ಉತ್ತರ 2 (ಬೆಂಗಳೂರಿನಿಂದ)

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ತಾಯಿಯವರ ಆಸೆಯನ್ನು ಅಷ್ಟು ಬೇಗ ಬದಿಗಿಡುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಎರಡು ವರ್ಷದ ಹಿಂದೆ ಜುಲೈ ಮೊದಲ ವಾರದಲ್ಲಿ ನನ್ನ ತಾಯಿಯನ್ನು ವಾಲೆನ್ಸೋಲ್‌ಗೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಆರೂವರೆಗೆ, ಜೇನ್ನೊಣಗಳ ಮೊರೆತವೊಂದನ್ನು ಬಿಟ್ಟು ಬೇರೇನೂ ಕೇಳಿಸದ ಆ ಹೊಲದ ಬದುವಿನಲ್ಲಿ ಅವರು ಒಂದು ಗಂಟೆ ಸುಮ್ಮನೆ ಕುಳಿತಿದ್ದರು. ಮಗಳು ಶಾಲೆಗೆ ಹತ್ತು ದಿನ ತಪ್ಪಿಸಿದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಯುರೋಪ್ ಎಂದರೆ ತಂಪು ಎಂದುಕೊಂಡು ಹೋಗಿದ್ದ ನಾವು ಮಧ್ಯಾಹ್ನಗಳನ್ನು ಕಿಟಕಿಯ ಬಾಗಿಲು ಮುಚ್ಚಿಕೊಂಡು ಕಳೆಯಬೇಕಾಯಿತು. ತಂಗಿದ್ದ ಹಳೆಯ ಮನೆಯಲ್ಲಿ ಎಸಿ ಇರಲಿಲ್ಲ. 2019ರ ಜೂನ್ 28ರಂದು ದಕ್ಷಿಣದ ವೆರಾರ್ಗ್ ಎಂಬ ಊರಿನಲ್ಲಿ 46 ಡಿಗ್ರಿ ದಾಖಲಾಗಿತ್ತು ಎಂಬುದನ್ನು ನಾನು ಓದಿದ್ದು ಹಿಂದಿರುಗಿದ ಮೇಲೆ. ಹಿರಿಯರ ಜೊತೆ ಹೋಗುವವರು ಎಸಿ ಇದೆಯೆಂದು ಖಚಿತಪಡಿಸಿಕೊಂಡೇ ಕೋಣೆ ಕಾಯ್ದಿರಿಸಬೇಕು. ಮಾತ್ರವಲ್ಲ, ಹೊಲಗಳ ನಡುವೆ ಸಾರ್ವಜನಿಕ ಬಸ್ಸುಗಳು ವಿರಳ. ಕಾರು ಇಲ್ಲದೆ ಕಷ್ಟ.

ಏಳು ಊರುಗಳ ಯೋಜನೆಯನ್ನಂತೂ ಕೈಬಿಡಿ. ಐದು ಜನರ ಪೆಟ್ಟಿಗೆಗಳನ್ನು ಆರು ಬಾರಿ ಕಟ್ಟಿ ಬಿಚ್ಚುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ.

ಉತ್ತರ 3 (ಲೀಲ್‌ನಿಂದ)

ತಂದೆಯವರ ವಿಷಯಕ್ಕೆ ಮಾತ್ರ ಒಂದೆರಡು ಮಾತು ಸೇರಿಸುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಮಿತ್ರಪಡೆಗಳು ಇಳಿದ ತೀರಗಳನ್ನು ನೋಡಲು ನಾರ್ಮಂಡಿಯ ಬಾಯೊ ಪಟ್ಟಣದಲ್ಲಿ ಎರಡು ರಾತ್ರಿ ತಂಗುವುದು ಅನುಕೂಲ. ಕೊಲ್‌ವಿಲ್‌ನ ಅಮೆರಿಕನ್ ಸಮಾಧಿಭೂಮಿಯಲ್ಲಿ 9,300ಕ್ಕೂ ಹೆಚ್ಚು ಬಿಳಿಯ ಕಲ್ಲುಗಳು ಸಮುದ್ರದ ಕಡೆಗಿನ ದಿಬ್ಬದ ಮೇಲೆ ಸಾಲಾಗಿ ನಿಂತಿವೆ. ದಾರಿ ಸಮತಟ್ಟಾಗಿರುವುದರಿಂದ ತಾಯಿಯವರಿಗೂ ತೊಂದರೆಯಿಲ್ಲ. ಮೋಂ ಸ್ಯಾಂ ಮಿಷೆಲ್ ಹಾಗಲ್ಲ. ಮೇಲಿನ ಮಠವನ್ನು ತಲುಪಲು ಸುಮಾರು 350 ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿರುವವರು ಕೆಳಗಿನ ಸೇತುವೆಯ ಮೇಲಿಂದಲೇ ಆ ದ್ವೀಪವನ್ನು ನೋಡಿ ತೃಪ್ತಿಪಟ್ಟರೆ ಸಾಕು.

ಇತಿಹಾಸ ಕಲಿಸಿದವರು ನೋಡಲೇಬೇಕಾದ ಇನ್ನೊಂದು ಜಾಗ ಲೀಲ್ ಸಮೀಪದ ನವ್ ಶಾಪೆಲ್. ಮೊದಲನೆಯ ಮಹಾಯುದ್ಧದ ವೇಳೆ, 1915ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಕದನದಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿ ಮಡಿದರು. 1927ರಲ್ಲಿ ಅನಾವರಣಗೊಂಡ ಸ್ಮಾರಕದ ದುಂಡನೆಯ ಗೋಡೆಯ ಮೇಲೆ, ಸಮಾಧಿಯೂ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಲಾಗಿದೆ. ಪ್ಯಾರಿಸ್‌ನಿಂದ ಲೀಲ್‌ಗೆ ರೈಲಿನಲ್ಲಿ ಒಂದೇ ಗಂಟೆ. ಪ್ರವಾಸಿಗರು ಹೆಚ್ಚಾಗಿ ಬಾರದ ಆ ಬಯಲಿನಲ್ಲಿ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋಗುವಾಗ ಆಗುವ ಅನುಭವವನ್ನು ನಾನು ಇಲ್ಲಿ ಬರೆಯಲಾರೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಸಸ್ಯಾಹಾರಿಗಳಾಗಿದ್ದರೆ ಒಂದು ಎಚ್ಚರಿಕೆ: ಈರುಳ್ಳಿ ಸೂಪ್ ಎಂದು ಬಡಿಸುವುದನ್ನು ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲೇ ಮಾಡುತ್ತಾರೆ. ಕಪ್ಪುಗೋಧಿ ಹಿಟ್ಟಿನಿಂದ ದೋಸೆಯಂತೆ ಹುಯ್ಯುವ ಗಲೆಟ್ ಸುರಕ್ಷಿತ, ಒಳಗೇನು ಹಾಕುತ್ತಾರೆಂದು ಕೇಳಿಕೊಂಡರೆ ಸಾಕು. ಮಧ್ಯಾಹ್ನ ಎರಡು ಗಂಟೆಯ ನಂತರ ಸಣ್ಣ ಊರುಗಳ ಅಡುಗೆಮನೆಗಳು ಮುಚ್ಚಿಬಿಡುತ್ತವೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟದ ನಂತರ ಈ ಉತ್ತರಗಳನ್ನೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅಸೆನ್ಸಿಯೋಂ ವಾರವನ್ನು ಬಿಟ್ಟು ಮೇ ತಿಂಗಳಲ್ಲೇ ಹೊರಟು, ಪ್ಯಾರಿಸ್‌ನಲ್ಲಿ ಐದು ರಾತ್ರಿ, ಬಾಯೊದಲ್ಲಿ ಮೂರು, ಆನ್ಸಿಯಲ್ಲಿ ನಾಲ್ಕು ಎಂದು ಗೊತ್ತುಮಾಡಿದ್ದೇವೆ. ಪ್ಯಾರಿಸ್‌ನ ಐದರಲ್ಲಿ ಒಂದು ಹಗಲು ನವ್ ಶಾಪೆಲ್‌ಗೆ ಮೀಸಲು. ಸ್ಮಾರಕದ ವಿಷಯ ಕೇಳಿದ ತಂದೆಯವರು ತಮ್ಮ ಹಳೆಯ ಟಿಪ್ಪಣಿ ಪುಸ್ತಕವನ್ನು ಆಗಲೇ ಹುಡುಕಿ ತೆಗೆದಿದ್ದಾರೆ. ಲ್ಯಾವೆಂಡರ್ ಬಗ್ಗೆ ತಾಯಿಯವರು, "ಮೊಮ್ಮಗಳ ಶಾಲೆ ತಪ್ಪಿಸುವುದು ಬೇಡ, ಹೂವು ಪ್ರತಿ ವರ್ಷವೂ ಬಿಡುತ್ತದಲ್ಲ," ಎಂದರು. ಅದಕ್ಕೆಂದೇ ಅದರ ಮರುವರ್ಷದ ಜೂನ್ ಕೊನೆಯ ವಾರಕ್ಕೆ ಅವರನ್ನೊಬ್ಬರನ್ನೇ ಕರೆದುಕೊಂಡು ಹೋಗುವುದೆಂದು ನಾನು ಮಾತು ಕೊಟ್ಟಿದ್ದೇನೆ. ಬೆಂಗಳೂರಿನವರು ತಂಗಿದ್ದ ಹಳ್ಳಿಯ ಹೆಸರನ್ನು ಇಲ್ಲಿ ಬರೆದು ಉಪಕರಿಸಬೇಕು.