ಮೀನುಗಾರಿಕೆ ನಿಂತಿರುವ ಮಳೆಗಾಲದಲ್ಲಿ ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ ಸಾಧ್ಯವೇ?

ಪ್ರಶ್ನೆ: ಕೋಡಿಬಾಗದ ನಿವಾಸಿ

ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆಯಲ್ಲಿರುವ ನಾಲ್ವರ ಕುಟುಂಬ ನಮ್ಮದು. ನಾನು, ಪತ್ನಿ, ಶಾಲೆಗೆ ಹೋಗುವ ಮಗಳು ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ತಾಯಿ ಇದ್ದೇವೆ. ದಿನಸಿ, ಮೀನು, ತರಕಾರಿ, ಹಾಲು ಎಲ್ಲ ಸೇರಿ ತಿಂಗಳಿಗೆ 8,000 ರೂಪಾಯಿ ಮೀರುವಂತಿಲ್ಲ. ಪಡಿತರ ಬರುವುದರಿಂದ ಅಕ್ಕಿಗೆ ಕೊರತೆಯಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ತಾಜಾ ಮೀನಿನ ದರ ಕೈಗೆಟುಕುವುದಿಲ್ಲ, ಘಟ್ಟದ ಮೇಲಿನಿಂದ ಬರುವ ತರಕಾರಿಯೂ ತುಟ್ಟಿಯಾಗುತ್ತದೆ. ಆಗ ನಮ್ಮ ಊಟ ಗಂಜಿ, ಒಣಮೀನು, ಉಪ್ಪಿನಕಾಯಿ ಇಷ್ಟಕ್ಕೇ ಬಂದು ನಿಲ್ಲುತ್ತದೆ. ಮಗಳಿಗೆ ಡಬ್ಬಿಯ ಪ್ರೋಟೀನ್ ಪುಡಿ ಕೊಡಿಸಬೇಕೆಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಅದು ನಿಜವಾಗಿ ಬೇಕೇ, ಅಥವಾ ಅದೇ ಹಣವನ್ನು ಬೇರೆಡೆ ಖರ್ಚು ಮಾಡುವುದು ಲೇಸೇ?

ಉತ್ತರ: ನಿವೃತ್ತ ಆರೋಗ್ಯ ಕಾರ್ಯಕರ್ತೆ, ಕುಮಟಾ

ಪುಡಿ ಬೇಡ. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟಿದ್ದರೆ ಮಾತು ಬೇರೆ; ಆರೋಗ್ಯವಾಗಿರುವ ಮಗುವಿಗೆ ಆ ಡಬ್ಬಿಯ ಬೆಲೆಯಲ್ಲಿ ಬೇಳೆಕಾಳು ಮತ್ತು ಮೊಟ್ಟೆ ಕೊಂಡರೆ ಮನೆಮಂದಿಗೆಲ್ಲ ಆಗುತ್ತದೆ.

ಲೆಕ್ಕ ಹೀಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಹೇಳುತ್ತದೆ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಅನ್ನದಿಂದಲೇ ಇಪ್ಪತ್ತು ಗ್ರಾಮಿಗಿಂತ ಹೆಚ್ಚು ಬರುತ್ತದೆ. ಆದರೆ ಅಕ್ಕಿಯ ಪ್ರೋಟೀನಿನಲ್ಲಿ ದೇಹಕ್ಕೆ ಅಗತ್ಯವಾದ ಲೈಸಿನ್ ಎಂಬ ಅಂಶ ಕಡಿಮೆ, ಮತ್ತು ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ. ಮೀನಿಲ್ಲದ ದಿನ ಗಂಜಿಯ ಜೊತೆ ಕಾಳು ಇರಲೇಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ನಮ್ಮ ಕಡೆ ಹುರುಳಿಯ ಕಟ್ಟನ್ನು ಸಾರು ಮಾಡಿ ಉಂಡು, ಬೆಂದ ಕಾಳನ್ನು ಎಮ್ಮೆಗೆ ಹಾಕುವ ಮನೆಗಳನ್ನು ನಾನು ಕಂಡಿದ್ದೇನೆ. ಎಮ್ಮೆಗೆ ಸಂತೋಷವೇ, ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ರಾತ್ರಿ ನೆನೆಸಿ ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸೂ ಉಳಿಯುತ್ತದೆ, ಹೊಟ್ಟೆಯುಬ್ಬರವೂ ಕಡಿಮೆಯಾಗುತ್ತದೆ. ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ ಎರಡನ್ನೂ ಮಾಡಿ.

ಮಗಳು ಸರ್ಕಾರಿ ಶಾಲೆಯಲ್ಲಿದ್ದರೆ ಬಿಸಿಯೂಟದ ಜೊತೆ ಕೊಡುವ ಹಾಲು ಮತ್ತು ಮೊಟ್ಟೆಯನ್ನು ಅವಳು ತಪ್ಪಿಸದಂತೆ ನೋಡಿಕೊಳ್ಳಿ. ಕೊಳ್ಳುವ ಅಕ್ಕಿ ಏನಾದರೂ ಇದ್ದರೆ ಕುಚ್ಚಲಕ್ಕಿಯನ್ನೇ ಕೊಳ್ಳಿ. ಭತ್ತವನ್ನು ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳು ಕಾಳಿನ ಒಳಗೆ ಇಳಿಯುವುದರಿಂದ ಗಿರಣಿಗೆ ಹಾಕಿದ ಮೇಲೂ ಬಹುಪಾಲು ಉಳಿಯುತ್ತವೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ತಾಯಿಯವರ ಒಣಮೀನು ಮತ್ತು ಉಪ್ಪಿನಕಾಯಿ. ದಿನಕ್ಕೆ ಒಬ್ಬರಿಗೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ, ಮಿತಿ. ಅವೆರಡೂ ಒಂದೇ ಊಟದಲ್ಲಿದ್ದರೆ ಆ ಮಿತಿ ಬಹಳ ಬೇಗ ದಾಟುತ್ತದೆ.

ಉತ್ತರ: ಬೈತಖೋಲದಿಂದ

ಒಣಮೀನಿನ ವಿಷಯದಲ್ಲಿ ಮೇಲಿನವರು ಸ್ವಲ್ಪ ಕಠಿಣವಾಗಿದ್ದಾರೆಂದು ನನಗನಿಸುತ್ತದೆ. ಬಿಸಿನೀರಿನಲ್ಲಿ ನೆನೆಸಿ, ನೀರು ಬದಲಿಸಿ ತೊಳೆದರೆ ಸಾಕಷ್ಟು ಉಪ್ಪು ಹೋಗುತ್ತದೆ, ಮತ್ತು ಮಳೆಗಾಲದಲ್ಲಿ ಬಡವರಿಗೆ ಅದೇ ಮೀನು.

ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಮಾತ್ರ. ಕಾಳಿ ನದಿಯ ಅಳಿವೆಯಲ್ಲಿ ಬೀಸುಬಲೆ ಹಾಕುವವರು ತರುವ ಸಣ್ಣ ಮೀನು ನಿಮ್ಮ ಊರಿನಲ್ಲೇ ಸಿಗುತ್ತದೆ. ಆಗಸ್ಟ್ ಬಂದ ಮೇಲೆ ಇಶೋಣ, ಪಾಂಪ್ಲೆಟ್‌ನಂಥ ದುಬಾರಿ ಮೀನುಗಳ ಕಡೆ ನೋಡದೆ ತಾರ್ಲೆ (ಬೂತಾಯಿ) ಮತ್ತು ಬಂಗಡೆಯನ್ನು ಕೊಳ್ಳಿ. ಒಮೆಗಾ-3 ಕೊಬ್ಬು ಇವುಗಳಲ್ಲಿ ಯಥೇಚ್ಛವಾಗಿದೆ, ಸಣ್ಣ ತಾರ್ಲೆಯನ್ನು ಮುಳ್ಳಿನ ಸಮೇತ ತಿಂದರೆ ಸುಣ್ಣದ ಅಂಶವೂ ದೊರೆಯುತ್ತದೆ. ಒಂದು ಎಚ್ಚರಿಕೆ ಇದೆ: ಅಗ್ಗವೆಂದು ಸಂಜೆಯ ಹೊತ್ತು ಮಂಜುಗಡ್ಡೆಯಿಲ್ಲದೆ ಬಿದ್ದಿದ್ದ ಬಂಗಡೆಯನ್ನು ತರಬೇಡಿ. ಅದರಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ; ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುವುದು ಅದರಿಂದಲೇ.

ಉತ್ತರ: ಶಿರಸಿಯ ಗೃಹಿಣಿ

ನಾವು ಮೀನು ತಿನ್ನದವರು, ಆದ್ದರಿಂದ ಸೊಪ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ. ತರಕಾರಿ ತುಟ್ಟಿಯಾಗುವ ಮಳೆಗಾಲದಲ್ಲೇ ಚಗಟೆ, ಒಂದೆಲಗ, ಕೆಸು ಹೇರಳವಾಗಿ ಬೆಳೆಯುತ್ತವೆ. ನಿಮಗೆ ಹಿತ್ತಲಿಲ್ಲದಿದ್ದರೆ ಕಾರವಾರದ ಭಾನುವಾರದ ಸಂತೆಗೆ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತರುವ ಬಸಳೆ, ಹರಿವೆಯನ್ನು ನೋಡಿ. ಒಂದೆಲಗದ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಡನೆ ಬಾಡಿಸಿ, ಸ್ವಲ್ಪ ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಕುದಿಸುವ ಕೆಲಸವೂ ಇಲ್ಲ. ಕೆಸುವಿನಲ್ಲಿರುವ ಆಕ್ಸಲೇಟ್ ಹರಳುಗಳು ಗಂಟಲು ತುರಿಸುವುದರಿಂದ ಅದನ್ನು ಹುಣಸೆಯ ಹುಳಿಯೊಡನೆ ಚೆನ್ನಾಗಿ ಬೇಯಿಸಬೇಕು. ಬೇಸಿಗೆಯಲ್ಲಿ ಎಸೆಯುವ ಹಲಸಿನ ಬೀಜವನ್ನು ಕೆಮ್ಮಣ್ಣು ಸವರಿ ಇಟ್ಟುಕೊಂಡರೆ ಮಳೆಗಾಲದ ಹುಳಿಗೆ ಹೋಳು ಕೊಳ್ಳಬೇಕಿಲ್ಲ.

ಊಟವಾದ ತಕ್ಷಣ ಚಹಾ ಕುಡಿಯುವ ರೂಢಿಯಿದ್ದರೆ ಒಂದು ಗಂಟೆ ಮುಂದೂಡಿ, ಏಕೆಂದರೆ ಚಹಾ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ಪಲ್ಯಕ್ಕೆ ಲಿಂಬೆ ಹಿಂಡಿದರೆ ಅದೇ ಕಬ್ಬಿಣಾಂಶ ಹೆಚ್ಚು ಹಿಡಿಯುತ್ತದೆ.

ಮರುಪ್ರಶ್ನೆ: ಕೋಡಿಬಾಗದ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಪುಡಿಯ ಯೋಚನೆ ಬಿಟ್ಟಿದ್ದೇವೆ. ಒಣಮೀನನ್ನು ತೊಳೆದು ಕೊಟ್ಟರೆ ತಾಯಿಗೆ ನಡೆಯುತ್ತದೆಯೇ? ಅಂಗಡಿಯಲ್ಲಿ ಕಡಿಮೆ ಸೋಡಿಯಂನ ಉಪ್ಪು ಎಂದು ಸಿಗುತ್ತದಲ್ಲ, ಅದನ್ನು ಬಳಸಬಹುದೇ?

ಉತ್ತರ: ನಿವೃತ್ತ ಆರೋಗ್ಯ ಕಾರ್ಯಕರ್ತೆ, ಕುಮಟಾ

ತೊಳೆದರೆ ಉಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನೀವಿಬ್ಬರೂ ಆಗಾಗ ಉಣ್ಣಿ. ತಾಯಿಗೆ ಅದರ ಬದಲು ಮೊಟ್ಟೆ ಅಥವಾ ಕಾಳಿನ ಪಲ್ಯವಿರಲಿ, ಗಂಜಿಗೆ ಉಪ್ಪಿನಕಾಯಿಯ ಬದಲು ತಂಬುಳಿ ಕೊಡಿ. ಆ ಬೇರೆ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುತ್ತವೆ, ಮೂತ್ರಪಿಂಡ ದುರ್ಬಲವಾಗಿದ್ದರೂ ಅದು ಉಳಿಯುತ್ತದೆ, ಮತ್ತು ರಕ್ತದಲ್ಲಿ ಅದು ಹೆಚ್ಚಾದರೆ ಹೃದಯದ ಬಡಿತಕ್ಕೆ ಅಪಾಯವಿದೆ. ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳುವವರೆಗೆ ಅದನ್ನು ಕೊಳ್ಳಬೇಡಿ.