ಒಡೆದ ದಾಳಿಂಬೆ, ಹಾರುವ ಹುಲಿ

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ದಾಲಿಯ ಆ ಚಿತ್ರದ ಹೆಸರನ್ನು ಮೇಷ್ಟ್ರು ಓದಿ ಮುಗಿಸೋ ಹೊತ್ತಿಗೆ ಕಾಫಿ ಆರಿತ್ತು: 'ಎಚ್ಚರವಾಗುವ ಒಂದು ಕ್ಷಣ ಮೊದಲು, ದಾಳಿಂಬೆಯ ಸುತ್ತ ಜೇನ್ನೊಣ ಹಾರಿದ್ದರಿಂದ ಬಿದ್ದ ಕನಸು.'

"ಇದು ಹೆಸರೋ, ಎಫ್‌ಐಆರೋ?" ಅಂದರು ಶಾರದಕ್ಕ.

ಮೇಷ್ಟ್ರು ಮೊಬೈಲನ್ನು ನಮ್ಮ ಕಡೆ ತಿರುಗಿಸಿದರು. ಸಮುದ್ರದ ನಡುವೆ ಒಂದು ಬಂಡೆ. ಅದರ ಮೇಲೆ ತುಸು ಎತ್ತರದಲ್ಲಿ ತೇಲುತ್ತಾ ನಿದ್ದೆ ಹೊಡೀತಿರೋದು ದಾಲಿಯ ಹೆಂಡತಿ ಗಾಲಾ. ಮೈಮೇಲೆ ನೂಲಿಲ್ಲ, ಮೇಷ್ಟ್ರು ಅಷ್ಟು ಭಾಗಕ್ಕೆ ಹೆಬ್ಬೆರಳು ಅಡ್ಡ ಹಿಡಿದೇ ತೋರಿಸಿದರು. ಮೇಲೆ ಒಡೆದ ದೊಡ್ಡ ದಾಳಿಂಬೆ, ಅದರೊಳಗಿಂದ ಮೀನು, ಮೀನಿನ ಬಾಯಿಂದ ಹುಲಿ, ಜೊತೆಗೆ ಇನ್ನೊಂದು ಹುಲಿ, ಅವುಗಳ ಮುಂದೆ ಬಂದೂಕು. ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿ, ಅಂದ್ರೆ ಬಾಯ್ನೆಟ್, ಇನ್ನೇನು ಆಕೆಯ ತೋಳಿಗೆ ತಾಗಬೇಕು.

"ದಾಳಿಂಬೆ ಅಂದ್ರೆ ಫಲವಂತಿಕೆ. ಕ್ರೈಸ್ತ ಕಲೆಯಲ್ಲಿ ಪುನರುತ್ಥಾನದ ಸಂಕೇತವೂ ಹೌದು..." ಮೇಷ್ಟ್ರು ಶುರುವಿಟ್ಟರು.

"ನೀರು ಹೆಚ್ಚುಕಮ್ಮಿ ಆಗೈತೆ" ಅಂದರು ಗೌಡ್ರು. ಹಿರಿಯೂರು ಕಡೆ ದಾಳಿಂಬೆ ತೋಟ ಅವರದು. "ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಬಿಟ್ರೆ ಸಿಪ್ಪೆ ಹಿಂಗೇ ಸೀಳೋದು. ಬೋರಾನ್ ಕಮ್ಮಿ ಆಗಿದ್ರೂ ಆಗಿರಬೋದು."

"ಗೌಡ್ರೇ, ಇದು ಸುಪ್ತಪ್ರಜ್ಞೆ!"

"ಯಾರ ಪ್ರಜ್ಞೆನಾದ್ರೂ ಆಗ್ಲಿ, ಹಣ್ಣು ಒಡೆದೈತಲ್ಲ. ಇನ್ನೊಂದು, ಜೇನಿಗೆ ಬೇಕಾದ್ದು ಹೂವು. ಹಣ್ಣಿಗೆ ಬರೋದು ರಾತ್ರಿ ಹೊತ್ತು ರಸ ಹೀರೋ ಪತಂಗ. ನಿಮ್ಮ ದಾಲಿ ತೋಟ ನೋಡಿಲ್ಲ ಬಿಡಿ."

ಮೇಷ್ಟ್ರು ಚಿತ್ರದಲ್ಲಿ ದೂರಕ್ಕೆ ಕಾಣುವ ಆನೆಗೆ ಜಿಗಿದರು. ಬೆನ್ನ ಮೇಲೆ ಕಲ್ಲಿನ ಸ್ತಂಭ ಹೊತ್ತ ಆನೆ ರೋಮ್‌ನಲ್ಲಿ ನಿಜವಾಗಿಯೂ ಇದೆ, 1667ರದ್ದು, ಶಿಲ್ಪಿ ಬರ್ನಿನಿಯ ವಿನ್ಯಾಸ. ದಾಲಿ ಅದರ ಕಾಲನ್ನಷ್ಟೇ ಎಳೆದೆಳೆದು ಕಡ್ಡಿ ಮಾಡಿದ್ದಾನೆ.

"ಅಲ್ಲ ಮೇಷ್ಟ್ರೇ," ಶಾರದಕ್ಕ ಕನ್ನಡಕ ಏರಿಸಿದರು, "ಜೇನಿಗೂ ಹಳದಿ-ಕಪ್ಪು ಪಟ್ಟೆ, ಹುಲಿಗೂ ಅದೇ ಪಟ್ಟೆ. ಜೇನಿಗೆ ಮುಳ್ಳು, ಬಂದೂಕಿಗೆ ಆ ಚೂರಿ. ಎಲ್ಲಾ ಒಂದೇ ನೊಣ ಅಲ್ವೇನ್ರೀ?"

ಮೇಷ್ಟ್ರು ಸುಮ್ಮನಾದರು. ಪುಣ್ಯಾತ್ಮ ದಾಲಿ ಹೇಳಿಕೊಂಡಿದ್ದೂ ಹೆಚ್ಚುಕಮ್ಮಿ ಇದನ್ನೇ. 1944ರಲ್ಲಿ, ಅಮೆರಿಕದಲ್ಲಿದ್ದಾಗ ಬರೆದ ಚಿತ್ರ. ನಿದ್ದೆಯಲ್ಲಿರುವವನನ್ನು ಎಬ್ಬಿಸುವ ಯಾವುದೋ ಒಂದು ಸಣ್ಣ ತಾಗುವಿಕೆಯೇ ಉದ್ದಾನುದ್ದ ಕಥೆಯಾಗಿ ಕನಸಾಗುತ್ತದೆ ಅನ್ನುವ, ಮನೋವಿಶ್ಲೇಷಕ ಫ್ರಾಯ್ಡ್ ಮಾತನ್ನು ಚಿತ್ರವಾಗಿಸಲು ಹೊರಟಿದ್ದ ಅವನು. ಸಂಕೇತಗಳ ನಿಘಂಟು ಹಿಡಿದು ಕೂತವರಿಗೆ ಇಂಥ ಉತ್ತರ ಸಪ್ಪೆ ಅನಿಸುತ್ತೆ. ನನಗೆ ಮಾತ್ರ ಫಲವಂತಿಕೆಗಿಂತ ಇದೇ ರುಚಿ.

"ನಂಗೂ ಆಗಿತ್ತಪ್ಪ," ಶಾರದಕ್ಕ ಮುಂದುವರಿಸಿದರು. "ಮಧ್ಯಾಹ್ನ ಮಲಗಿದ್ದೆ. ಅರಸೀಕೆರೆ ಸ್ಟೇಷನ್ನು, ಗಂಟುಮೂಟೆ, ಇವರು ಟಿಕೆಟ್ ಮರೆತದ್ದು, ಜಗಳ, ರೈಲು ಹೊರಟಿದ್ದು. ಎದ್ದರೆ ಕುಕ್ಕರ್ ವಿಷಲ್ಲು."

"ಅದರಲ್ಲಿ ರೈಲು ಯಾತರ ಸಂಕೇತ?" ಮೇಷ್ಟ್ರಿಗೆ ಇನ್ನೂ ಆಸೆ.

"ಬೇಳೆ ಬೆಂದಿದ್ದರ ಸಂಕೇತ."

ಗೌಡ್ರು ಇಷ್ಟು ಹೊತ್ತೂ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡ್ತಾನೇ ಇದ್ದರು. "ಕೊನೆಗೆ ಆ ಚೂರಿ ಚುಚ್ಚುತ್ತಾ?"

"ಇಲ್ಲ, ಅಷ್ಟರಲ್ಲಿ ಎಚ್ಚರ."

"ಹುಲಿಗಳು?"

"ಅವೂ ಮಾಯ. ಆನೆ, ಮೀನು, ಬಂದೂಕು ಎಲ್ಲಾ ಮಾಯ."

"ಹಂಗಾರೆ ಕೆಳಗೆ ಒಂದು ಚಿಕ್ಕ ದಾಳಿಂಬೆ ಐತೆ ನೋಡಿ, ಜೇನು ಸುತ್ತುತಾ ಇರೋದು. ಅದು ಒಡೆದಿಲ್ಲ. ಮಾರಬೋದು."